ತನ್ನ ವಿವರ ತಾನೇ ಹೇಳುವ ಫೈಲು

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ಟೈಲರಮ್ಮನಿಗೆ ನೋವು ಮರೆಯಲು ಏನಾದರೂ ಬೇಕಿತ್ತು. ಪಕ್ಕದ ಬೆಂಚಿನಲ್ಲಿ ಹವಾಮಾನ ಕಚೇರಿಯ ಹಿರಿಯರೊಬ್ಬರಿದ್ದರು. ಅವರ ಸಹಿಗಾಗಿ ಬೆನ್ನುಹತ್ತಿ ಬಂದಿದ್ದ ಪ್ರೋಗ್ರಾಮರ್ ಹುಡುಗಿ ಪಿಸುಗುಡುತ್ತಿದ್ದಳು. ಟೈಲರಮ್ಮ ಅತ್ತ ಕಿವಿಗೊಟ್ಟಳು.

"ಸರ್, ಮಳೆ ಲೆಕ್ಕ ಹಾಕೋ ನಮ್ಮ ಕಂಪ್ಯೂಟರ್ ಮಾಡೆಲ್ ಬರೆಯೋ ಫೈಲು ತೆರೆದು ನೋಡಿದೆ."

"ಅದನ್ನ ನೋಡೋದೇನಿದೆ? ತನ್ನ ವಿವರ ತಾನೇ ಹೇಳೋ ಫೈಲು ಅದು. ಯಾವ ಅಂಕಿ, ಯಾವ ಅಳತೆ, ಎಲ್ಲಾ ಒಳಗೇ ಬರೆದಿರುತ್ತೆ."

"ಅದನ್ನೇ ಓದಿದೆ ಸರ್. 'ಬರೀ ಪರೀಕ್ಷೆಗೆ, ಅಂಕಿಗಳನ್ನ ನಂಬಬೇಡಿ' ಅಂತಿದೆ."

"ಯಾವಾಗಿಂದ?"

"ಹನ್ನೊಂದು ವರ್ಷದಿಂದ. ಫೋರ್ಟ್ರಾನ್‌ನಲ್ಲಿ ಫೈಲು ಬರೆಯೋ ಆ ಹಳೇ ಪ್ರೋಗ್ರಾಂ ತುಣುಕನ್ನೇ ಎಲ್ಲರೂ ಕಾಪಿ ಹೊಡೆದಿದ್ದಾರೆ."

"ಅಂಕಿಗಳು ನಿಜವಾಗ್ಲೂ ತಪ್ಪಾ?"

"ಯಾರೂ ನೋಡಿಲ್ಲ ಸರ್. ಇವತ್ತೂ ಅವನ್ನೇ ಅಣೆಕಟ್ಟಿನವರಿಗೆ ಕಳಿಸಬೇಕು."

ಟೈಲರಮ್ಮನ ಮನೆ ಅಣೆಕಟ್ಟಿನ ಕೆಳಗೇ ಇತ್ತು. ಕೆನ್ನೆಯ ಮೇಲಿದ್ದ ಕೈ ಜಾರಿತು.

"ಅವರೂ ಓದಿಲ್ವಾ?" ಹಿರಿಯರು ಕೇಳಿದರು.

"ಓದಿದ್ರೆ ಇಷ್ಟೊತ್ತಿಗೆ ಫೋನ್ ಬರ್ತಿತ್ತಲ್ಲ ಸರ್."

"ಯಾವ ಪುಣ್ಯಾತ್ಮ ಅದನ್ನ ಬರೆದಿದ್ದು?"

"ಅದನ್ನೂ ಫೈಲೇ ಹೇಳುತ್ತೆ. ಬರೆದವರು ಅನ್ನೋ ಕಡೆ ನಿಮ್ಮ ಹೆಸರಿದೆ ಸರ್."

ಒಳಗಿಂದ ನರ್ಸ್ ಕರೆದಳು. ಹಿರಿಯರು ಎದ್ದು ಷರಟು ಸರಿಮಾಡಿಕೊಂಡರು.

"ಆ ಸಾಲು ತೆಗೆದು ಕಳಿಸಿಬಿಡು."

"ನಂಬಬೇಡಿ ಅನ್ನೋ ಸಾಲಾ ಸರ್?"

"ಅದು ಇಷ್ಟು ವರ್ಷ ಇದ್ದದ್ದೇ, ಇರಲಿ. ನನ್ನ ಹೆಸರಿನ ಸಾಲು," ಎಂದು ಅವರು ಬಾಗಿಲು ದೂಡಿಕೊಂಡು ಒಳಗೆ ಹೋದರು.