ಕಾಪುವಿನ ಎರಡು ಸ್ಪೆಲ್ಲಿಂಗ್

ಜೋಕಿಮ್ ಸರ್ ಅವರ ಮಡದಿ ಬರ್ತಾ ಬಾಯಿ, ಮಗಳು ಶರೋನ್, ಬೆಳ್ಮಣ್‌ನಿಂದ ಬಸ್ಸು ಹಿಡಿದು ಬಂದಿರುವ ಬಂಧುಗಳೇ, ಮ್ಯಾನೇಜರ್ ಪ್ಯಾಟ್ರಿಶಿಯಾ ಮೇಡಮ್, ಊಟ ಬಿಟ್ಟು ಈ ಕ್ಯಾಂಟೀನಿನಲ್ಲಿ ಕುಳಿತಿರುವ ಸಹೋದ್ಯೋಗಿಗಳೇ — ನಿಮಗೆಲ್ಲ ಸೋಮಲಿಂಗನ ನಮಸ್ಕಾರ.

ಮೊದಲೇ ಒಂದು ವಿನಂತಿ. ದಯವಿಟ್ಟು ನಗಬೇಡಿ. ಕಳೆದ ವರ್ಷ ಇದೇ ಜಾಗದಲ್ಲಿ, ಇದೇ ಮೈಕ್ ಹಿಡಿದು, ಕೆಟ್ಟುಹೋದ ಪ್ರಿಂಟರಿಗೆ ನಾನು ಸಂತಾಪ ಸೂಚಿಸಿದ್ದೆ. ಅಧ್ಯಕ್ಷತೆ ನಮ್ಮ ಜೋಕಿಮ್ ಸರ್ ಅವರದು. ಪ್ರಿಂಟರಿಗೆ ಹಾರ ಹಾಕುವಾಗ ಅವರ ಭುಜ ನಗುವಿನಿಂದ ಕುಲುಕುತ್ತಿತ್ತು. ಹಾಗಾಗಿ ನಾನು ಗಂಭೀರವಾದಷ್ಟೂ ನಿಮಗೆ ನಗು ಬರುತ್ತದೆ, ಗೊತ್ತು. ಅಗೋ, ಹಿಂದಿನ ಸಾಲಿನಲ್ಲಿ ಶೆಲ್ಡನ್ ಆಗಲೇ ಬಾಯಿಗೆ ಕರವಸ್ತ್ರ ಒತ್ತಿದ್ದಾನೆ. ಬೇಡ ಮಾರಾಯ. ಇವತ್ತು ಬೇಡ.

ಈಗಷ್ಟೇ ಮೇಡಮ್ ಸಂತಾಪ ನಿರ್ಣಯ ಓದಿದರು. ಅದರಲ್ಲಿ ಒಂದು ಸಾಲು ಉಂಟು: “ಕಾಪುವಿನ ಒಂದು ಪ್ರಮಾದ ಬಿಟ್ಟರೆ ಶ್ರೀ ಜೋಕಿಮ್ ಅವರ ಸೇವೆ ಕಳಂಕರಹಿತ.” ಸಭೆ ಮುಗಿದ ಮೇಲೆ ಆ ಕಾಗದಕ್ಕೆ ಚೌಕಟ್ಟು ಹಾಕಿ ಬರ್ತಾ ಬಾಯಿಯ ಕೈಗೆ ಕೊಡುತ್ತಾರೆ. ಅದು ಅವರ ಮನೆಯ ಗೋಡೆಗೆ ಹೋಗುತ್ತದೆ. ಆ ಸಾಲು ಸುಳ್ಳು. ನಾನು ಇಲ್ಲಿ ನಿಂತಿರುವುದು ಅದಕ್ಕೇ.

ಮನೆಯವರಿಗೆ ನಮ್ಮ ಕೆಲಸ ತಿಳಿದಿರಲಿಕ್ಕಿಲ್ಲ. ನಮ್ಮ ಗಿರಾಕಿ ಒಂದು ಔಷಧದ ಸಗಟು ಕಂಪನಿ. ಉಡುಪಿ, ಕಾರ್ಕಳ, ಕಾಪು — ಮೂರು ಕಡೆ ಶಾಖೆ, ಮೂರೂ ಕಡೆ ಬೇರೆ ಬೇರೆ ಸಾಫ್ಟ್‌ವೇರ್. ಆದರೆ ಮೂರೂ ಕಳುಹಿಸುವ ಸಂದೇಶದ ಹೆಸರು ಒಂದೇ: ‘ಆರ್ಡರ್’. ಯಾವುದು ಯಾರದು? ಗೊಂದಲ ಆಗದಂತೆ ಪ್ರತಿ ಶಾಖೆಯ ಇಂಟರ್‌ಫೇಸ್‌ಗಳಿಗೆ, ಅಂದರೆ ಸಂದೇಶ ದಾಟಿಸುವ ಕೊಂಡಿಗಳಿಗೆ, ಒಂದೊಂದು ನೇಮ್‌ಸ್ಪೇಸ್ ಮಾಡಿಟ್ಟವರು ಜೋಕಿಮ್ ಸರ್. ನಾನು ಸೇರಿದ ದಿನವೇ ಕೇಳಿದ್ದೆ, “ನೇಮ್‌ಸ್ಪೇಸ್ ಅಂದರೆ ಎಂತ ಸರ್?”

“ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ‘ರೊಸಾರಿಯೊ, ಬಾ’ ಅಂದ್ರೆ ಏಳು ಜನ ಏಳ್ತಾರೆ. ‘ಗೇಟಿನ ಮನೆ ರೊಸಾರಿಯೊ’ ಅಂದ್ರೆ ಒಬ್ಬನೇ. ಆ ಗೇಟಿನ ಮನೆ ಉಂಟಲ್ಲ, ಅದೇ ನೇಮ್‌ಸ್ಪೇಸ್. ನಾಳೆ ನಿನ್ನ ಹಾಗೆ ಇನ್ನೊಬ್ಬ ಸೋಮಲಿಂಗ ಬಂದರೆ?”

“ನನ್ನ ಹಾಗೆ ಇನ್ನೊಬ್ಬ ಇರಲಿಕ್ಕಿಲ್ಲ ಸರ್.”

“ದೇವರು ದೊಡ್ಡವ,” ಎಂದರು.

ಅವರದು ಒಂದೇ ಹಠ. ಈ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ಕಾಪುವನ್ನು ಇಂಗ್ಲಿಷಿನಲ್ಲಿ ಕೆಲವರು ಕೆ-ಎ-ಪಿ-ಯು ಎಂದು ಬರೆಯುತ್ತಾರೆ, ಹಳಬರು ಕೆ-ಎ-ಯು-ಪಿ ಎಂದು. ನಮಗೆ ಎರಡೂ ಒಂದೇ ಊರು, ಕಂಪ್ಯೂಟರಿಗೆ ಎರಡು ಊರು. ಗಿರಾಕಿಯ ಶಾಖೆ ಹಳೆಯದನ್ನೇ ಬಳಸುತ್ತಿತ್ತು. ಸರ್ ಅದನ್ನೇ ಇಟ್ಟು, ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿದ್ದರು: ‘ಯಾರೂ ಮುಟ್ಟಬಾರದು.’

ನಾನು ಮುಟ್ಟಿದೆ.

ಎರಡು ಸಾವಿರದ ಐದು, ಏಪ್ರಿಲ್ ಒಂದು, ಶುಕ್ರವಾರ. ಸರ್ ಚಹಾಕ್ಕೆ ಹೋಗಿದ್ದರು, ಕಂಪ್ಯೂಟರ್ ತೆರೆದೇ ಇತ್ತು. ನಾನು ಅವರ ಕುರ್ಚಿಯಲ್ಲಿ ಕೂತೆ — ಹೀಗೆ — ಯು, ಪಿ ಎರಡನ್ನೂ ಅದಲುಬದಲು ಮಾಡಿದೆ. ಅಷ್ಟೇ. ಪರದೆಗೆ ಒಂದು ಆಮಂತ್ರಣವನ್ನೂ ಅಂಟಿಸಿದೆ: ‘ಕಾಪು ಊರಿನ ಮರುನಾಮಕರಣ ಮಹೋತ್ಸವಕ್ಕೆ ಆದರದ ಸ್ವಾಗತ. ಉಡುಗೊರೆಗೆ ಆಕ್ಷೇಪವಿಲ್ಲ.’ ಸರ್ ಬಂದು ಓದಿದರು, ನಕ್ಕರು, ಎಲ್ಲರನ್ನೂ ಕರೆದು ತೋರಿಸಿದರು. ತಮಾಷೆ ಕಾಗದದಲ್ಲಿ ಮಾತ್ರ ಇದೆ ಎಂದುಕೊಂಡರು. ನಾನು ಆಗಲೇ ಹೇಳಬೇಕಿತ್ತು. ಎಲ್ಲರೂ ನಗುತ್ತಿದ್ದರು, ಇನ್ನು ಸ್ವಲ್ಪ ಹೊತ್ತು ನಗಲಿ ಎಂದು ಸುಮ್ಮನಿದ್ದೆ. ಆಮೇಲೆ ಮರೆತೆ. ಮರೆತೆ — ಬರ್ತಾ ಬಾಯಿ, ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ. ಸಂಜೆ ಆ ಬದಲಾವಣೆ ಗಿರಾಕಿಯ ಸರ್ವರಿಗೆ ಹೋಯಿತು.

ಸೋಮವಾರದವರೆಗೆ ಕಾಪುವಿನ ಒಂದೇ ಒಂದು ಆರ್ಡರ್ ಗೋದಾಮಿಗೆ ತಲುಪಲಿಲ್ಲ. ಅಲ್ಲಿನ ಅಂಗಡಿಗಳಲ್ಲಿ ಇನ್ಸುಲಿನ್ ಮುಗಿಯಿತು. ಜೋಕಿಮ್ ಸರ್ ಮನೆಗೆ ಓಡಿ ಮೀನು ತರುವ ಐಸ್ ಡಬ್ಬ ತೊಳೆದು ತಂದರು, ಗೋದಾಮಿನಿಂದ ಇನ್ಸುಲಿನ್ ತುಂಬಿಸಿಕೊಂಡು ಸ್ಕೂಟರಿನಲ್ಲಿ ತಾವೇ ಅಂಗಡಿ ಅಂಗಡಿಗೆ ಕೊಟ್ಟು ಬಂದರು.

ಬುಧವಾರ ವಿಚಾರಣೆ. ಬದಲಾವಣೆ ಆದದ್ದು ಸರ್ ಅವರ ಲಾಗಿನ್‌ನಲ್ಲಿ. ಅವರು ಮೊದಲು ನನ್ನ ಮೇಜಿಗೆ ಬಂದರು.

“ಎಂತ ಮಾರಾಯ, ಶುಕ್ರವಾರ ನನ್ನ ಕುರ್ಚಿಯಲ್ಲಿ ಯಾರು ಕೂತದ್ದು?”

“ಭೂತ ಇರಬೇಕು ಸರ್.”

ಅಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು ತಮಾಷೆ. ಅವರು ನನ್ನನ್ನೇ ನೋಡಿದರು. ನಾನು ಟ್ರೈನಿ, ಕೆಲಸ ಖಾಯಂ ಆಗಲು ಎರಡು ವಾರ ಬಾಕಿ, ನಮ್ಮಪ್ಪ ಕರಿಬಸವ ಇದೇ ಮಣಿಪಾಲದ ಕಟ್ಟಡಗಳಿಗೆ ಕಲ್ಲು ಹೊತ್ತವನು. ಅವರಿಗೆ ಎಲ್ಲ ಗೊತ್ತಿತ್ತು.

“ಹೌದಾ? ಭೂತಕ್ಕೆ ಸ್ಪೆಲ್ಲಿಂಗ್ ಬರುವುದಿಲ್ಲ ಅಂತ ಕಾಣ್ತದೆ,” ಎಂದು ಹೇಳಿ ಮೇಡಮ್ ಕೋಣೆಗೆ ಹೋದರು. ಬಾಗಿಲ ಹೊರಗೆ ನಿಂತು ನಾನು ಕೇಳಿಸಿಕೊಂಡೆ: “ನನ್ನ ಕೈತಪ್ಪು ಮೇಡಮ್.”

ಆ ದಿನವೇ ಅವರ ಅಧಿಕಾರ ಕಿತ್ತುಕೊಂಡರು. ತಾವೇ ಹೆಸರಿಟ್ಟು ಜೋಡಿಸಿದ ಇಂಟರ್‌ಫೇಸ್‌ಗಳನ್ನು ನೋಡಬೇಕಾದರೂ ಅವರು ನನ್ನ ಮೇಜಿಗೆ ಬರಬೇಕು. “ಸೋಮಲಿಂಗ, ಸ್ವಲ್ಪ ತೋರಿಸ್ತೀಯಾ?” ಹನ್ನೊಂದು ತಿಂಗಳು — ಹನ್ನೊಂದು ತಿಂಗಳು ನಾನು ತೋರಿಸಿದೆ, ಹೇಳಲಿಲ್ಲ. ನಾಳೆ ಹೇಳುವ, ನಾಳೆ ಹೇಳುವ ಎಂದುಕೊಂಡೆ. ಹೋದ ಮಂಗಳವಾರ ಅವರ ಹೃದಯ ನಿಂತಿತು. ಇನ್ನು ಯಾರಿಗೆ ಹೇಳಲಿ? ಹೇಳಿ, ಯಾರಿಗೆ?

ಮೇಡಮ್, ಸಾಕು ಎಂದು ಕೈಸನ್ನೆ ಮಾಡಬೇಡಿ. ಇದು ತಮಾಷೆ ಅಲ್ಲ. ನಿಮ್ಮ ಕೈಯಲ್ಲಿ ಪೆನ್ನು ಉಂಟು. ಆ ಸಾಲಿಗೆ ಗೀಟು ಹಾಕಿ. ಅದು ಜೋಕಿಮ್ ಅವರದಲ್ಲ, ನನ್ನದು. ನನ್ನ ಹೆಸರು ಹಾಕಿ ನನ್ನ ಕಡತದಲ್ಲಿ ಇಡಿ. ಕೆಲಸ ಹೋದರೆ ಹೋಗಲಿ. ಆದರೆ ಆ ಸಾಲು ಹೊತ್ತ ಕಾಗದವನ್ನು ಅವರ ಮನೆಗೆ ಕಳುಹಿಸಬೇಡಿ. ಕಾಲು ಹಿಡಿದು ಬೇಡುತ್ತೇನೆ, ಕಳುಹಿಸಬೇಡಿ.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಎರಡು ನಿಮಿಷ, ಮಾತಿಲ್ಲದೆ, ಜೋಕಿಮ್ ಸರ್ ಅವರಿಗಾಗಿ. ಆಮೇಲೆ ನೀವೆಲ್ಲ ಕುಳಿತುಕೊಳ್ಳಿ. ನಾನು — ಬರ್ತಾ ಬಾಯಿ ಕೂರು ಎಂದ ಮೇಲೆ ಕೂರುತ್ತೇನೆ.