ನೀಲಿ ಬೋರ್ಡು ಬರೆದವನ ಹೇಳಿಕೆ

ಬೋರ್ಡ್ ಮೇಷ್ಟ್ರು ಎಂದೇ ಎಲ್ಲರೂ ಕರೆಯುವ ನಾನು, ವಯಸ್ಸು 63, ಕಸುಬು ಅಂಗಡಿ ಮತ್ತು ಕಚೇರಿಗಳ ಬೋರ್ಡು ಬರೆಯುವುದು, ವಾಸ ನೀರಿನ ಟ್ಯಾಂಕಿನ ಹಿಂದಿನ ಮೂರನೇ ಅಡ್ಡರಸ್ತೆ, ಹಿಟ್ಟಿನ ಗಿರಣಿಯ ಮೇಲಿನ ಮನೆ, ಈ ದಿನ ಬುಧವಾರ ಮಧ್ಯಾಹ್ನ 1-25ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಜನನ-ಮರಣ ನೋಂದಣಿ ಕಚೇರಿಯ ಮುಂದಿನ ಫುಟ್‌ಪಾತಿನಿಂದ ಠಾಣೆಗೆ ಕರೆತಂದಿರುವವಳು ನನ್ನ ಮಗಳು. ವಯಸ್ಸು 29. ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಾಳೆ, ಬುಧವಾರ ಅವಳಿಗೆ ರಜೆ. ಕಚೇರಿಯ ಬೋರ್ಡಿನಂಥದೇ ಬೋರ್ಡು ಹಾಕಿಕೊಂಡು ಸಿಬ್ಬಂದಿಯ ಹಾಗೆ ನಟಿಸಿದಳೆಂಬುದು ಅವಳ ಮೇಲಿನ ದೂರು. ಇನ್ನು ಮುಂದೆ ಹೀಗೆ ಕೂರುವುದಿಲ್ಲವೆಂದು ಕ್ಷಮಾಪಣೆ ಬರೆದುಕೊಟ್ಟರೆ ಬಿಡುವುದಾಗಿಯೂ ಇಲ್ಲದಿದ್ದರೆ ಮೊಕದ್ದಮೆ ದಾಖಲಿಸುವುದಾಗಿಯೂ ಇನ್‌ಸ್ಪೆಕ್ಟರು ಅವಳಿಗೆ ತಿಳಿಸಿದ್ದಾರೆ. ಮೊಕದ್ದಮೆಯಾದರೆ ಶಾಲೆಯ ಕೆಲಸ ಉಳಿಯುವುದಿಲ್ಲ. ಅವಳು ಬರೆದುಕೊಟ್ಟಿಲ್ಲ.

ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳು ಆರು ದಿನ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಕೊನೆಯ ಬೆಳಿಗ್ಗೆ ಒಂದು ಚೀಟಿಗೆ ಯಾರ ಸಹಿ ಬೇಕೆಂದು ಕೇಳಲು ನಾನು ಕೆಳಗಿಳಿದು ಹೋದೆ. ನಾಲ್ಕನೇ ಕಿಟಕಿಯವರು ಏಳಕ್ಕೆ ಕಳಿಸಿದರು, ಏಳರವರು ಎರಡಕ್ಕೆ. ಎರಡರಲ್ಲಿ ಯಾರೂ ಇರಲಿಲ್ಲ. ಮೇಲೆ ಬರುವಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು, ಎಲ್ಲ ಮುಗಿದಿತ್ತು. ಪಕ್ಕದಲ್ಲಿ ಮಗಳೊಬ್ಬಳೇ ಇದ್ದಳು.

ಎರಡು ತಿಂಗಳ ಹಿಂದೆ ಅವಳು, ಬುಧವಾರಗಳಂದು ಫುಟ್‌ಪಾತಿನಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಕೂರುತ್ತೇನೆ, ದಾರಿಹೋಕರು ಏನು ಬೇಕಾದರೂ ಕೇಳಬಹುದು, ಅದೇ ನನ್ನ ಕಲಾ ಪ್ರದರ್ಶನ ಎಂದಳು. ಒಬ್ಬರಿಗೆ ಒಂದು ಪ್ರಶ್ನೆ. ಗೊತ್ತಿದ್ದರೆ ಹೇಳುವುದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದು. ಗೊತ್ತಿರುವವರು ಹತ್ತಿರದಲ್ಲಿದ್ದರೆ ಅವರ ತನಕ ಜೊತೆಗೆ ನಡೆದುಹೋಗುವುದು. ಕಾಸು ತೆಗೆದುಕೊಳ್ಳುವುದಿಲ್ಲ. ಕುರ್ಚಿ ಹಾಕ್ಕೊಂಡು ಕೂತ್ರೆ ಅದೆಂಥ ಕಲೆನಮ್ಮ ಎಂದು ನಾನು ಕೇಳಿದೆ. ಬರೋವಾಗ ನೋಡಬೇಡ ಅಪ್ಪ, ಎದ್ದು ಹೋಗೋವಾಗ ಅವರ ಮುಖ ನೋಡು ಎಂದಳು. ನಾನು ನೋಡಲು ಹೋಗಲಿಲ್ಲ. ಗುರುತಿನವರು ಏನಂದಾರು ಎಂಬ ಸಂಕೋಚ.

ಆದರೆ ಬೋರ್ಡು ಬರೆದುಕೊಟ್ಟೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ತಗಡು. ನಿನಗೆ ಇಷ್ಟ ಬಂದ ಬಣ್ಣ ಹಾಕು ಎಂದಿದ್ದಳು. ಮೂವತ್ತನಾಲ್ಕು ವರ್ಷ ಕಚೇರಿಗಳಿಗೆ ಬರೆದ ಕೈ. ನೀಲಿ ಬಳಿದೆ, ಬಿಳಿಯಲ್ಲಿ ‘ಪ್ರಶ್ನೆ ಇರುವವರು ಇಲ್ಲಿ ಕುಳಿತುಕೊಳ್ಳಿ’ ಎಂದು ಬರೆದೆ, ಸುತ್ತ ಅರ್ಧ ಇಂಚಿನ ಗೆರೆ ಎಳೆದೆ, ಕೆಳಗೆ ‘ಸಮಯ 10ರಿಂದ 1’ ಎಂದೂ ಸೇರಿಸಿದೆ. ಸಮಯ ಹಾಕು ಎಂದು ಅವಳು ಹೇಳಿರಲಿಲ್ಲ. ನೋಂದಣಿ ಕಚೇರಿಯ ಗೇಟಿನ ಬೋರ್ಡು ಬರೆದವನೂ ನಾನೇ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಕಚೇರಿಯದು ಅನ್ನಿಸುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದಿರಬೇಕು. ಅಪ್ಪನ ಕೈಕೆಲಸವೆಂದು ಸುಮ್ಮನಿದ್ದಳು.

ಈ ದಿನ ಬೆಳಿಗ್ಗೆ 10-40ಕ್ಕೆ ಮೊದಲ ಸಲ ಅಲ್ಲಿಗೆ ಹೋದೆ. ಎದುರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತೆ, ಮೇಜಿಗೂ ಬೆಂಚಿಗೂ ಇಪ್ಪತ್ತೆರಡು ಹೆಜ್ಜೆ. ಸಾಲಿನಲ್ಲಿ ಒಂಬತ್ತು ಜನ ಇದ್ದರು. ಮಾತು ಕೇಳಿಸಲೆಂದು ಎದ್ದು ಹೋಗಿ ಅವರ ಹಿಂದೆ ನಿಂತೆ. ಅರ್ಧ ಜನ ಅರ್ಜಿಯ ಫೋಟೋ ಅಳತೆ, ಬಸ್ಸಿನ ನಂಬರು ಕೇಳಿದರು. ಒಬ್ಬಾಕೆ ತಂಗಿಯ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು, ಮೊದಲು ಯಾರು ಫೋನ್ ಮಾಡಬೇಕು ಎಂದಳು. ಮಗಳು, ಕೇಳೋಕೆ ಬಂದವರು ನೀವಲ್ವಾ ಅಕ್ಕ, ನೀವೇ ಮಾಡಿ ಎಂದಳು. ತರಕಾರಿ ಗಾಡಿಯವನು ತಮಾಷೆಗೆ ಕುಳಿತು, ಮೇಡಂ, ನಾಳೆ ಟೊಮೆಟೊ ರೇಟು ಎಷ್ಟಾಗುತ್ತೆ ಎಂದ. ಗೊತ್ತಿಲ್ಲಣ್ಣ, ನಿನಗೇ ಗೊತ್ತಿಲ್ಲದ್ದು ನನಗೆಲ್ಲಿಂದ ಗೊತ್ತಾಗ್ಬೇಕು ಎಂದಳು. ಸಾಲೆಲ್ಲ ನಕ್ಕಿತು. ಅವನು ಎದ್ದು ಹೋಗುವಾಗಲೂ ನಗುತ್ತಿದ್ದ.

11-15ಕ್ಕೆ ಒಬ್ಬ ನಿವೃತ್ತ ಡ್ರೈವರ್ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ಕುಳಿತರು. ಹೆಂಡತಿಯ ಮರಣ ಪ್ರಮಾಣ ಪತ್ರಕ್ಕೆ ಮೂರು ವಾರದಿಂದ ಅಲೆಯುತ್ತಿದ್ದೇನೆ, ಯಾವ ಕಿಟಕಿಯಲ್ಲಿ ಕೇಳಲಿ ತಾಯಿ ಎಂದರು. ಮಗಳು ಗೊತ್ತಿಲ್ಲ ಎಂದು ಎದ್ದು ನಿಂತಳು. ಅವರ ಚೀಲ ತಾನು ತೆಗೆದುಕೊಂಡಳು. ಇಬ್ಬರೂ ಗೇಟು ದಾಟಿ ಒಳಗೆ ಹೋದರು. ನಾನು ಐದಾರು ಹೆಜ್ಜೆ ಹಿಂದೆ ಹೋದೆ.

ಮೂರನೇ ಕಿಟಕಿಯವರು ಐದಕ್ಕೆ ಕಳಿಸಿದರು, ಐದರವರು ಮೂರಕ್ಕೆ. ಮತ್ತೆ ಮೂರಕ್ಕೆ ಬಂದಾಗ ಮಗಳು, ನಿಧಾನಕ್ಕೆ ನೋಡಿ ಹೇಳಿ, ನಾವು ಇಲ್ಲೇ ನಿಂತಿರ್ತೀವಿ ಎಂದಳು. ಇಪ್ಪತ್ತೈದು ನಿಮಿಷ ನಿಂತಳು. ಹೆಡ್ ಕ್ಲಾರ್ಕ್ ಹೊರಗೆ ಬಂದು, ಯಾರಮ್ಮ ನೀನು, ಈ ಆಫೀಸಿನವಳಾ, ನಮ್ಮ ಬೋರ್ಡ್ ಹಾಕ್ಕೊಂಡು ಜನರನ್ನ ಸೇರಿಸ್ತಿದ್ದೀಯಂತೆ ಎಂದು ಗದರಿದರು. ಮಗಳು ದನಿ ಏರಿಸಲಿಲ್ಲ. ನಾನು ಆಫೀಸಿನವಳಲ್ಲ ಸರ್, ಇವರ ಹತ್ರ ಒಂದು ಪ್ರಶ್ನೆ ಇದೆ, ಉತ್ತರ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆ ಎಂದಳು. ಕಚೇರಿಯ ಬೆಂಚುಗಳಲ್ಲಿ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಅವಳ ಹಿಂದೆ ನಿಂತರು. ನಾನೂ ನಿಂತೆ.

12-05ಕ್ಕೆ ಡ್ರೈವರ್‌ಗೆ ಪತ್ರ ಸಿಕ್ಕಿತು. ಅವರು ಅದನ್ನು ಎರಡು ಸಲ ಓದಿ, ಹೆಂಡತಿಯ ಹೆಸರು ಸರಿಯಾಗಿದೆ ಎಂದು ಮಗಳಿಗೆ ಹೇಳಿ ಹೋದರು. ಅವರ ಮುಖ ನೋಡಿದೆ.

12-20ಕ್ಕೆ ಹೆಡ್ ಕ್ಲಾರ್ಕ್ ಕರೆಯ ಮೇಲೆ ಪೊಲೀಸರಿಬ್ಬರು ಬಂದು ಮೇಜು, ಕುರ್ಚಿ, ಬೋರ್ಡು ತೆಗೆಸಿದರು. ಬೋರ್ಡು ಬರೆದವರು ಯಾರೆಂದು ಅವಳನ್ನು ಮೂರು ಸಲ ಕೇಳಿದರು. ಅದೊಂದಕ್ಕೆ ಮಾತ್ರ ಅವಳು ಬಾಯಿ ಬಿಡಲಿಲ್ಲ. ನಾನು ಜನರ ನಡುವೆ ಇದ್ದದ್ದನ್ನು ಆಗಲೇ ನೋಡಿದ್ದಳು. ಜೀಪು ಹೋದ ಮೇಲೆ ನಾನು ನಡೆದೇ ಹೊರಟೆ.

1-40ಕ್ಕೆ ಠಾಣೆಯ ಬೆಂಚಿನಲ್ಲಿ ಅವಳ ಎದುರು ಕುಳಿತು, ಎಂಟು ತಿಂಗಳು ಮನೆಯಲ್ಲಿ ಕೇಳಲಾಗದ್ದನ್ನು ಕೇಳಿದೆ. ನಾನಿಲ್ಲದ ಆ ನಲವತ್ತು ನಿಮಿಷದಲ್ಲಿ ಅಮ್ಮ ಏನಾದರೂ ಹೇಳಿದಳಾ ಎಂದೆ. ಅಪ್ಪ ಎಲ್ಲಿ ಅಂದಳು ಅಮ್ಮ, ಕೆಳಗೆ ಕಿಟಕಿ ಹತ್ರ ನಿಂತಿದ್ದಾರೆ ಅಂದೆ, ಹಾಗಾದ್ರೆ ಬಿಡು, ಕೇಳದೆ ವಾಪಸ್ ಬರೋರಲ್ಲ ಅಂತ ಸ್ವಲ್ಪ ನಕ್ಕಳು ಎಂದು ಮಗಳು ಹೇಳಿದಳು. ಇದು ದೂರಿಗೆ ಸಂಬಂಧಿಸಿದ್ದಲ್ಲ ಎಂದು ಠಾಣೆಯ ಬರಹಗಾರರು ಹೇಳಿದರು. ಇರಲಿ ಎಂದು ನಾನು ಬರೆದಿದ್ದೇನೆ.

ಬಣ್ಣದ ತಪ್ಪು ನನ್ನದು. ಮೊಕದ್ದಮೆ ಹಾಕುವುದಾದರೆ ನನ್ನ ಮೇಲೆ ಹಾಕಬೇಕು. ಇನ್ನು ಕಚೇರಿಗಳ ಕೆಲಸ ನನಗೆ ಕೊಡಲಾರರು, ತಿಳಿದೇ ಬರೆಯುತ್ತಿದ್ದೇನೆ. ಬೋರ್ಡು ವಾಪಸ್ಸು ಕೊಟ್ಟರೆ ಹಳದಿಯೋ ಕೆಂಪೋ ಬಳಿದು, ಇದು ಕಚೇರಿಯಲ್ಲ ಎಂದೂ ಸೇರಿಸಿ, ಮುಂದಿನ ಬುಧವಾರದೊಳಗೆ ಒಣಗಿಸಿ ಕೊಡುತ್ತೇನೆ. ಅಕ್ಷರ ಒಂದನ್ನೂ ಅಳಿಸುವುದಿಲ್ಲ. ಮಗಳಿಂದ ಕ್ಷಮಾಪಣೆ ಬರೆಸಬಾರದು, ಅವಳು ತಪ್ಪು ಮಾಡಿಲ್ಲ. ಫೈಲಿಗೆ ಒಂದು ಕ್ಷಮಾಪಣೆ ಬೇಕೇ ಬೇಕೆಂದರೆ ನಾನು ಬರೆದುಕೊಡುತ್ತೇನೆ. ಎಷ್ಟು ದೊಡ್ಡ ಅಕ್ಷರದಲ್ಲಿ ಬೇಕೆಂದು ಹೇಳಿದರೆ ಸಾಕು.

ಇಷ್ಟನ್ನೂ ಕಂಡಂತೆ, ಕೇಳಿದಂತೆ ನನ್ನ ಕೈಯಾರೆ ಬರೆದು, ಓದಿ ನೋಡಿ, ನಿಜವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಮುಂದಿನ ಕೊಠಡಿ
ದಿನಾಂಕ: 14, ಬುಧವಾರ, ಮಧ್ಯಾಹ್ನ 2-50

ಸಹಿ
(ಬೋರ್ಡ್ ಮೇಷ್ಟ್ರು, ಆಕೆಯ ತಂದೆ)