ನಾವು ಕೈಯೆತ್ತಿ ಆರಿಸಿದ ಭಾಷೆ

ವೇದಿಕೆಯ ಮೇಲೆ ಗಂಭೀರವಾಗಿ ಕುಳಿತಿರುವ ನಮ್ಮ ಕಂಪನಿಯ ಅಧ್ಯಕ್ಷರಾದ ಡೋಬ್ರೆವ್ ಅವರೇ, ನಮ್ಮ ರೂಸೆ ನಗರದ ಮಾನ್ಯ ಮೇಯರ್ ಅವರೇ, ಇಂದಿನ ಸನ್ಮಾನಿತೆ ವೆಲಿಚ್ಕಾ ಅಕ್ಕನವರೇ, ಬನಿತ್ಸಾ ತಿಂಡಿಯ ತಟ್ಟೆಯ ಮೇಲೆ ಕಣ್ಣಿಟ್ಟು ನನ್ನ ಮಾತು ಮುಗಿಯುವುದನ್ನೇ ಕಾಯುತ್ತಿರುವ ಸಭಿಕರೇ!

ಊರಿನ ನಾಟಕ ಸಂಘದಲ್ಲಿ ಇಪ್ಪತ್ತು ವರ್ಷ ರಾಜನ ಪಾತ್ರ ಮಾಡಿದವನು ನಾನು. ಇವತ್ತು ಮೊದಲ ಸಾಲನ್ನೇ ಚೀಟಿ ನೋಡಿ ಓದಿದೆ.

ಮೂವತ್ತೊಂದು ವರ್ಷದ ಸೇವೆ! ನಮ್ಮ ಔಷಧ ಗೋದಾಮಿನಿಂದ ಇನ್ನೂರ ನಲವತ್ತು ಅಂಗಡಿಗಳಿಗೆ ದಿನಾ ಬೆಳಿಗ್ಗೆ ಯಾವ ಔಷಧ ಯಾವ ವ್ಯಾನಿನಲ್ಲಿ ಹೋಗಬೇಕೆಂದು ಹೇಳುವ ಪ್ರೋಗ್ರಾಮನ್ನು ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದವರು ಯಾರು? ವೆಲಿಚ್ಕಾ ಅಕ್ಕ. ಅದನ್ನು ಓದಬಲ್ಲವರು ಯಾರು? ವೆಲಿಚ್ಕಾ ಅಕ್ಕ. ಇವತ್ತು ಐದು ಗಂಟೆಗೆ ನಿವೃತ್ತರಾಗುವವರು ಯಾರು? ನೀವೇ ಹೇಳಿ!

ಎರಡು ವರ್ಷದ ಹಿಂದೆ ಹೊಸ ಪ್ರೋಗ್ರಾಮು ಯಾವ ಭಾಷೆಯಲ್ಲಿರಬೇಕೆಂದು ತೀರ್ಮಾನಿಸಲು ಸಭೆ ಸೇರಿದೆವು. ನನ್ನ ಕಂಪ್ಯೂಟರ್ ವಿಭಾಗದ ಹುಡುಗರು ಐವರೂ ಸ್ಕಾಲಾ ಎಂಬ ಹೊಸ ಭಾಷೆಗೆ ಕೈಯೆತ್ತಿದರು. ಅಕ್ಕ ಮಾತ್ರ ನನ್ನನ್ನು ಕೇಳಿದರು: "ಲ್ಯುಬೆನ್, ಇದನ್ನ ಬಲ್ಲವರು ಈ ಊರಲ್ಲಿ ಎಷ್ಟು ಜನ ಇದಾರಪ್ಪಾ? ಇವರು ಹೋದ್ರೆ ಯಾರು ಓದ್ತಾರೆ?"

ನಾನು ನಕ್ಕೆ. "ಅಕ್ಕಾ, ನಿಮ್ಮ ಕೋಬಾಲನ್ನ ಮ್ಯೂಸಿಯಂನಲ್ಲಿ ಇಡೋ ಕಾಲ ಬಂತು, ಸುಮ್ನಿರಿ" ಅಂದೆ. ಎಲ್ಲರೂ ನಕ್ಕರು.

ಆ ಹುಡುಗರು ಕಂಪನಿಗೆ ಭಾಷೆ ಆರಿಸಲಿಲ್ಲ, ಸ್ವಾಮಿ! ತಮ್ಮ ಮುಂದಿನ ಕೆಲಸದ ಅರ್ಜಿಗೆ ಆರಿಸಿಕೊಂಡರು. ನಮ್ಮ ಸಂಬಳದಲ್ಲಿ ಕಲಿತು ನಾಲ್ವರು ರಾಜಧಾನಿ ಸೋಫಿಯಾಕ್ಕೆ ಹೋದರು. ಅವರನ್ನು ಬೈಯಲೇ? ಹೇಗೆ ಬೈಯಲಿ? ನಾನೂ ಅಂದು ಕೈಯೆತ್ತಿದ್ದೆ. ಆಗ ವಿಯೆನ್ನಾದ ಕಂಪನಿಯೊಂದಕ್ಕೆ ನಾನೂ ಅರ್ಜಿ ಹಾಕಿದ್ದೆ. ವಯಸ್ಸಾಯಿತು ಅಂದರು... ಇದನ್ನು ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು.

ಕೊನೆಯವನು ಕಲೋಯಾನ್ ಹೋದ ತಿಂಗಳು ಮ್ಯೂನಿಕ್ ಸೇರಿದ. ಮೊನ್ನೆ ಪರೀಕ್ಷೆಗೆಂದು ಹೊಸ ಪ್ರೋಗ್ರಾಮು ಓಡಿಸಿದೆ. ಹನ್ನೊಂದು ಅಂಗಡಿಗಳ ಇನ್ಸುಲಿನ್ ಪಟ್ಟಿಯಲ್ಲೇ ಇಲ್ಲ! ಯಾಕೆ? ತಿಳಿಯದು. ಫೋನ್ ಮಾಡಿದರೆ, "ಸಾರ್, ಏನೋ ಚಿಕ್ಕ ತಪ್ಪಿರ್ಬೇಕು, ನೋಡ್ಕೊಳ್ಳಿ" ಅಂದ. ಯಾರು ನೋಡಿಕೊಳ್ಳುವುದು? ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಆ ಹನ್ನೊಂದು ಅಂಗಡಿಗಳ ಇನ್ಸುಲಿನ್ ನಂಬಿದ ಸಕ್ಕರೆ ಕಾಯಿಲೆಯ ಮಕ್ಕಳು ಎಷ್ಟಿದ್ದಾರೋ!

ಅಧ್ಯಕ್ಷರೇ, ಹೀಗೆ ನೋಡಬೇಡಿ. ನಿಮಗೆ ಮೊದಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ಮೇಯರ್ ಅವರೇ, ಸೋಮವಾರ ತಾವು ಬಂದು ಹೊಸ ಪ್ರೋಗ್ರಾಮನ್ನು ಉದ್ಘಾಟಿಸುವುದು ಬೇಡ. ಹಳೆಯದೇ ಓಡಲಿ. ಮುಂದೆ ಬರೆಯುವುದನ್ನು ಜಾವಾ ಎಂಬ ಭಾಷೆಯಲ್ಲಿ ಬರೆಯೋಣ. ಅದು ಹಳತು, ಮೆರುಗಿಲ್ಲ, ನಿಜ. ಆದರೆ ನಮ್ಮೂರಿನ ತಾಂತ್ರಿಕ ಶಾಲೆಯಲ್ಲಿ ಕಲಿಸುತ್ತಾರೆ. ಒಬ್ಬ ಹೋದರೆ ಪಕ್ಕದ ಬೀದಿಯವನು ಓದಬಲ್ಲ. ತಪ್ಪು ನನ್ನದು. ಶಿಕ್ಷೆ ಏನೆಂದು ತಾವೇ ತೀರ್ಮಾನಿಸಿ.

ಅಕ್ಕಾ, ನಿಮ್ಮ ಮೊಣಕಾಲು ಆಪರೇಷನ್ ಆಗಬೇಕು, ಗೊತ್ತು. ಆಫೀಸಿಗೆ ಬನ್ನಿ ಎನ್ನುವುದಿಲ್ಲ. ಸೋಮವಾರ ಎಂಟು ಗಂಟೆಗೆ ಈ ಐವತ್ತಮೂರರ ವಿದ್ಯಾರ್ಥಿ ನೋಟ್‌ಬುಕ್ ಹಿಡಿದು ನಿಮ್ಮ ಮನೆಗೇ ಬರುತ್ತಾನೆ. ನಿಮ್ಮ ಪ್ರೋಗ್ರಾಮು ಓದುವುದನ್ನು ಕಲಿಸುತ್ತೀರಾ? ಅವತ್ತು ನಕ್ಕಿದ್ದಕ್ಕೆ ಬಾಗಿಲು ಹಾಕಿಕೊಂಡರೂ ನನಗೆ ಬೇಸರವಿಲ್ಲ.

ಚಪ್ಪಾಳೆ ಬೇಡ, ತಡೆಯಿರಿ! ಅಕ್ಕ ಕೂತಲ್ಲಿಂದಲೇ ಬೆರಳು ತೋರಿಸುತ್ತಿದ್ದಾರೆ. ಐದು... ಎರಡು... ಏಳು! ಎಂಟಲ್ಲ, ಏಳು ಗಂಟೆಗೆ!

ಬರ್ತೀನಕ್ಕಾ, ಏಳಕ್ಕೇ ಬರ್ತೀನಿ!

ಇಷ್ಟು ಹೊತ್ತು ಸಹಿಸಿದ ನಿಮ್ಮೆಲ್ಲರಿಗೂ ಕೈಮುಗಿದು ವಂದಿಸುತ್ತೇನೆ. ನಮಸ್ಕಾರ.